ಡ್ರೋನ್ ರಿಮೋಟಿನ ಚಾರ್ಜನ್ನೆಲ್ಲ ಫೋನೇ ಹೀರುತ್ತಿದೆ, ತಡೆಯುವುದು ಹೇಗೆ?

ಪಟ್ಟಣದ_ಫೋಟೋ

ಎಲ್ಲರಿಗೂ ನಮಸ್ಕಾರ. ಶ್ರೀರಂಗಪಟ್ಟಣದ ಸುತ್ತಮುತ್ತ ಮದುವೆ ಫೋಟೋ, ವಿಡಿಯೋ ಮಾಡುತ್ತೇನೆ. ನನ್ನ ಹತ್ತಿರ ಇರುವುದು ಡಿಜೆಐ ಮಿನಿ 2 ಡ್ರೋನ್, ಅದರ ಜೊತೆಗೇ ಬಂದ ಆರ್‌ಸಿ-ಎನ್1 ರಿಮೋಟ್. ಫೋನ್ ಆಂಡ್ರಾಯ್ಡ್, 5000 ಎಂಎಎಚ್ ಬ್ಯಾಟರಿಯದು.

ತೊಂದರೆ ಏನೆಂದರೆ, ಬೆಳಿಗ್ಗೆ ಛತ್ರಕ್ಕೆ ಹೊರಡುವಾಗ ರಿಮೋಟಿನ ನಾಲ್ಕೂ ದೀಪ ಉರಿಯುತ್ತಿರುತ್ತವೆ. ಮುಹೂರ್ತ ಮುಗಿದು ಊಟದ ಪಂಕ್ತಿ ಶುರುವಾಗುವ ಹೊತ್ತಿಗೆ ಒಂದೇ ಉಳಿದಿರುತ್ತದೆ, ಸ್ವಲ್ಪ ಹೊತ್ತಿಗೆ ರಿಮೋಟ್ ಕೂಗೋಕೆ ಶುರು. ಅದೇ ಹೊತ್ತಿಗೆ ಫೋನ್ ನೋಡಿದರೆ ಬೆಳಿಗ್ಗೆ 40 ಇದ್ದದ್ದು 80 ಪರ್ಸೆಂಟ್ ಆಗಿರುತ್ತದೆ! ರಿಮೋಟಿನ ಕರೆಂಟೆಲ್ಲ ಫೋನಿಗೆ ಹೋಗುತ್ತಿದೆ ಅನ್ನೋದು ಸ್ಪಷ್ಟ. ಫೋನಿಗೆ ಅದರ ಅವಶ್ಯಕತೆಯೇ ಇಲ್ಲ.

ಕೇಬಲ್ ಚುಚ್ಚಿದಾಗ ಫೋನಿನಲ್ಲಿ ಒಂದು ಪಟ್ಟಿ ಬರುತ್ತದಲ್ವಾ, ಫೈಲ್ ಕಳಿಸಬೇಕಾ, ಬರೀ ಚಾರ್ಜ್ ಮಾಡಬೇಕಾ ಅಂತ. 'ಬರೀ ಚಾರ್ಜ್' ಬಿಟ್ಟು ಬೇರೆ ಆರಿಸಿದರೆ ಚಾರ್ಜ್ ನಿಲ್ಲಬಹುದು ಅಂದುಕೊಂಡು 'ಫೈಲ್' ಒತ್ತಿದೆ. ರಿಮೋಟ್ ಸಂಪರ್ಕವೇ ಕಟ್ ಆಯಿತು. ಸ್ನೇಹಿತರೊಬ್ಬರು ಕೇಬಲ್ ಒಳಗಿನ ಕೆಂಪು ವೈರ್ ಕತ್ತರಿಸಿಬಿಡು ಅನ್ನುತ್ತಾರೆ. ಮಾಡಬಹುದಾ? ಯಾರಾದರೂ ಮಾಡಿದ್ದೀರಾ?

ಸರ್ಕ್ಯೂಟ್_ಶಿವರಾಂಪೇಟೆ

ಈಗಲೇ ಕತ್ತರಿಸಬೇಡಿ. ಮೊದಲು ಒಳಗೆ ಏನು ನಡೆಯುತ್ತಿದೆ ಅನ್ನೋದನ್ನು ನೋಡೋಣ.

ಯುಎಸ್‌ಬಿಯಲ್ಲಿ ಯಾವಾಗಲೂ ಒಬ್ಬ ಯಜಮಾನ, ಒಬ್ಬ ಅತಿಥಿ ಇರುತ್ತಾರೆ. ಕರೆಂಟ್ ಕೊಡುವ ಜವಾಬ್ದಾರಿ ಯಜಮಾನನದು. ಫೋನನ್ನು ಲ್ಯಾಪ್‌ಟಾಪಿಗೆ ಚುಚ್ಚಿದರೆ ಲ್ಯಾಪ್‌ಟಾಪ್ ಯಜಮಾನ. ಡ್ರೋನ್ ರಿಮೋಟಿಗೆ ಚುಚ್ಚಿದರೆ ರಿಮೋಟೇ ಯಜಮಾನ. ಆಂಡ್ರಾಯ್ಡ್‌ನಲ್ಲಿ ಇದಕ್ಕೆಂದೇ 'ಓಪನ್ ಆ್ಯಕ್ಸೆಸರಿ' ಅನ್ನೋ ವ್ಯವಸ್ಥೆ ಇದೆ, ಗೂಗಲ್ 2011ರಲ್ಲಿ ತಂದದ್ದು. ಹೊರಗಿನ ಸಾಧನ ಯಜಮಾನನಾಗಿ ಫೋನ್ ಜೊತೆ ಮಾತಾಡಬೇಕಾದರೆ ಅದು ಫೋನಿಗೆ 5 ವೋಲ್ಟ್‌ನಲ್ಲಿ 500 ಮಿಲಿ ಆಂಪಿಯರ್ ಕೊಡಬೇಕು ಅಂತ ಆ ನಿಯಮದಲ್ಲೇ ಬರೆದಿದೆ. ಅಂದರೆ ರಿಮೋಟ್ ಮಾಡಿದವರು ಎಡವಿದ್ದಲ್ಲ. ನಿಯಮ ಇರುವುದೇ ಹಾಗೆ.

ನೀವು 'ಫೈಲ್' ಒತ್ತಿದಾಗ ಸಂಪರ್ಕ ಕಟ್ ಆಗಿದ್ದೂ ಸರಿಯೇ. ಆಂಡ್ರಾಯ್ಡ್ ಫೋನ್ ಆ ಪಟ್ಟಿ ತೋರಿಸಿದರೆ ಬರೀ ಚಾರ್ಜ್ ಆರಿಸಿ, ಇಲ್ಲದಿದ್ದರೆ ಸಂಪರ್ಕ ಸಿಗದೇ ಹೋಗಬಹುದು ಅಂತ ಮಿನಿ 2ರ ಕೈಪಿಡಿಯಲ್ಲೇ ಹೇಳಿದೆ. ಹೆಸರು ಕೇಳಿದರೆ ಡೇಟಾ ಇಲ್ಲ, ಬರೀ ಕರೆಂಟ್ ಅನ್ನಿಸುತ್ತದೆ. ಆದರೆ ಫೋನಿನ ಡ್ರೋನ್ ಆ್ಯಪ್ ಮತ್ತು ರಿಮೋಟ್ ಮಾತಾಡುವ ದಾರಿ ಆ ಪಟ್ಟಿಯಿಂದ ಹೊರಗಿದೆ. ಆ ಪಟ್ಟಿಯನ್ನು ಮುಟ್ಟಿ ಚಾರ್ಜ್ ನಿಲ್ಲಿಸೋಕೆ ಆಗುವುದಿಲ್ಲ. ಡೆವಲಪರ್ ಆಯ್ಕೆಗಳೊಳಗೆ ಹೋಗಿ ಅಲ್ಲಿ ಬದಲಾಯಿಸಿದರೂ ಅಷ್ಟೇ.

ಇನ್ನು ಅಳತೆ. ಆರ್‌ಸಿ-ಎನ್1 ಒಳಗಿನ ಬ್ಯಾಟರಿ 5200 ಎಂಎಎಚ್, ಸುಮಾರು 18.7 ವ್ಯಾಟ್-ಅವರ್ (ಒಳಗೆ ಹಿಡಿಯುವ ಒಟ್ಟು ಶಕ್ತಿಯ ಲೆಕ್ಕ). ಆಂಡ್ರಾಯ್ಡ್ ಫೋನ್ ಸಿಕ್ಕಿಸಿದಾಗ ರಿಮೋಟ್ 1200 ಮಿಲಿ ಆಂಪಿಯರ್ ತಿನ್ನುತ್ತದೆ, ಐಫೋನ್ ಸಿಕ್ಕಿಸಿದರೆ 700. ಫೋನ್ ಚಾರ್ಜ್ ಮಾಡದಿದ್ದರೆ 6 ಗಂಟೆ, ಮಾಡಿದರೆ 4 ಗಂಟೆ ಬರುತ್ತದೆ ಅಂತ ಕಂಪನಿಯೇ ಹೇಳುತ್ತದೆ.

ಮೇಲುಕೋಟೆ_ಮೋಡ

ನನ್ನದು ಐಫೋನ್. ಡಿಜೆಐ ಫ್ಲೈ ಆ್ಯಪ್‌ನಲ್ಲಿ ಕಂಟ್ರೋಲ್ ಅನ್ನೋ ಕಡೆ 'ಫೋನ್ ಚಾರ್ಜಿಂಗ್' ಸ್ವಿಚ್ ಇದೆ. ಆಫ್ ಮಾಡಿಟ್ಟಿದ್ದೇನೆ. ಬೆಟ್ಟದ ಮೇಲೆ ಬೆಳಿಗ್ಗೆಯಿಂದ ಸಂಜೆವರೆಗೆ ಬಿಟ್ಟು ಬಿಟ್ಟು ಹಾರಿಸಿದರೂ ರಿಮೋಟ್ ಚಾರ್ಜ್ ಅರ್ಧದ ಕೆಳಗೆ ಹೋಗುವುದು ಕಡಿಮೆ.

ಪಟ್ಟಣದ_ಫೋಟೋ

ಹುಡುಕಿದೆ ಸಾರ್, ನನ್ನ ಆ್ಯಪ್‌ನಲ್ಲಿ ಆ ಸ್ವಿಚ್ ಕಾಣಿಸಲಿಲ್ಲ.

ಸರ್ಕ್ಯೂಟ್_ಶಿವರಾಂಪೇಟೆ

ಅದು ಐಫೋನಿಗೆ ಮಾತ್ರ ಕೊಟ್ಟಿರುವುದು. ಆ್ಯಪಲ್‌ನ ಆ್ಯಕ್ಸೆಸರಿ ಪದ್ಧತಿಯಲ್ಲಿ ಚಾರ್ಜ್ ಮಾಡದೆಯೂ ಮಾತಾಡಬಹುದು. 1200 ಮತ್ತು 700ರ ನಡುವಿನ ವ್ಯತ್ಯಾಸ ಬರುವುದು ಅಲ್ಲಿಂದಲೇ.

ಈಗ ಕೆಂಪು ವೈರ್ ವಿಷಯ. ಹಳೆ ಯುಎಸ್‌ಬಿ ಕೇಬಲ್ ಒಳಗೆ ನಾಲ್ಕು ವೈರ್ ಇರುತ್ತವೆ. ಕೆಂಪು 5 ವೋಲ್ಟ್, ಕಪ್ಪು ಗ್ರೌಂಡ್, ಹಸಿರು ಮತ್ತು ಬಿಳಿ ಡೇಟಾ. ಕೆಂಪು ಕತ್ತರಿಸಿದರೆ ಕರೆಂಟ್ ನಿಲ್ಲುತ್ತದೆ, ಡೇಟಾ ಮಾತ್ರ ಹರಿಯುತ್ತಿರುತ್ತದೆ, ಸರಿಹೋಯ್ತು ಅಂತ ಅನ್ನಿಸುತ್ತದೆ. ಆದರೆ ಅತಿಥಿ ಕಡೆಯ ಸಾಧನಕ್ಕೆ 'ನನ್ನನ್ನು ಯಾರೋ ಸಿಕ್ಕಿಸಿದ್ದಾರೆ' ಅಂತ ಗೊತ್ತಾಗುವುದೇ ಆ 5 ವೋಲ್ಟಿನಿಂದ. ಅದು ಕಂಡ ಮೇಲೆ ಮಾತ್ರ ಫೋನ್ ತನ್ನ ಡೇಟಾ ವೈರನ್ನು 1.5 ಕಿಲೋ ಓಮ್ ರೆಸಿಸ್ಟರ್ ಮೂಲಕ ಮೇಲಕ್ಕೆಳೆದು 'ನಾನಿದ್ದೇನೆ' ಅನ್ನುತ್ತದೆ. ಕೆಂಪು ವೈರ್ ಇಲ್ಲದಿದ್ದರೆ ಫೋನ್ ಸುಮ್ನೆ ಕೂತಿರುತ್ತದೆ. ಯುಎಸ್‌ಬಿ-ಎ (ಹಳೇ ಅಗಲದ ಪ್ಲಗ್) ಕಡೆಯ 5 ವೋಲ್ಟ್ ಪಿನ್ ಮೇಲೆ ಟೇಪ್ ಅಂಟಿಸುವುದೂ ಇದೇ ಕೆಲಸ. ಆಗೊಮ್ಮೆ ಈಗೊಮ್ಮೆ ಯಾವುದೋ ಫೋನಿನಲ್ಲಿ ನಡೆಯಬಹುದು. ಅದನ್ನು ನಂಬಿ ಮದುವೆ ಮನೆಗೆ ಹೋಗಬೇಡಿ.

ಸರಿಯಾದ ದಾರಿ ವೈ ಕೇಬಲ್, ಅಂದರೆ ರಿಮೋಟ್, ಫೋನ್, ಪವರ್ ಬ್ಯಾಂಕ್ ಮೂರಕ್ಕೂ ಒಂದೊಂದು ತುದಿ ಇರುವ ಕೇಬಲ್. ರಿಮೋಟ್ ಕಡೆಯಿಂದ ಬರುವ ಕೆಂಪನ್ನು ಅಲ್ಲೇ ನಿಲ್ಲಿಸಿ ಇನ್ಸುಲೇಷನ್ ಸುತ್ತಬೇಕು. ಪವರ್ ಬ್ಯಾಂಕಿನ ಕೆಂಪನ್ನು ಫೋನ್ ಕಡೆಯ ಕೆಂಪಿಗೆ ಸೇರಿಸಬೇಕು. ಮೂರೂ ಕಡೆಯ ಕಪ್ಪು ಒಟ್ಟಿಗೆ ಸೇರಬೇಕು, ಗ್ರೌಂಡ್ ಒಂದೇ ಆಗದಿದ್ದರೆ ಡೇಟಾ ಹರಿಯುವುದಿಲ್ಲ. ಹಸಿರು, ಬಿಳಿ ನೇರ. ಆಗ ಫೋನಿಗೆ ಬೇಕಾದ 5 ವೋಲ್ಟ್ ಪವರ್ ಬ್ಯಾಂಕಿನಿಂದ ಸಿಗುತ್ತದೆ, ಮಾತು ರಿಮೋಟ್ ಜೊತೆ ನಡೆಯುತ್ತದೆ. ಡಿಜೆಐನ ಹಳೇ ಡ್ರೋನುಗಳಾದ ಫ್ಯಾಂಟಮ್ 3 ಪ್ರೊಫೆಷನಲ್, ಫ್ಯಾಂಟಮ್ 4ರ ರಿಮೋಟಿನಲ್ಲಿ ದೊಡ್ಡ ಯುಎಸ್‌ಬಿ-ಎ ಕಿಂಡಿ ಇದೆಯಲ್ವಾ, ಅಂಥವಕ್ಕೆ ಇದು ಚೆನ್ನಾಗಿ ಒಗ್ಗುತ್ತದೆ.

ಪವರ್ ಬ್ಯಾಂಕಿನ ಕೆಂಪು ಮತ್ತು ರಿಮೋಟಿನ ಕೆಂಪು ಎಲ್ಲೂ ಸೇರಕೂಡದು. ಸೇರಿದರೆ ಎರಡು ಕರೆಂಟ್ ಮೂಲ ಎದುರುಬದುರಾಗಿ ರಿಮೋಟಿನ ಬೋರ್ಡ್ ಸುಡಬಹುದು. ಅಂಥ ಬೋರ್ಡ್ ನನ್ನ ಮೇಜಿಗೆ ಬಂದಿದೆ. ಯುಎಸ್‌ಬಿ ಕಿಂಡಿಯ ಪಕ್ಕದ ಪುಟ್ಟ ಐಸಿ (ಚಿಪ್) ನಡುವೆ ಗುಳ್ಳೆ ಎದ್ದು ಕಪ್ಪಾಗಿತ್ತು, ಅದರ ಕೆಳಗಿನ ತಾಮ್ರದ ಗೆರೆ ಬೋರ್ಡಿನಿಂದ ಎದ್ದು ಬಂದಿತ್ತು.

ನಿಮ್ಮ ಆರ್‌ಸಿ-ಎನ್1ಗೆ ಮಾತ್ರ ಈ ಕೆಲಸ ಬೇಡ. ಅದರ ಕೇಬಲ್ ಎರಡೂ ಕಡೆ ಟೈಪ್-ಸಿ. ಟೈಪ್-ಸಿಯಲ್ಲಿ ಯಾರು ಯಜಮಾನ, ಯಾರು ಕರೆಂಟ್ ಕೊಡಬೇಕು ಅನ್ನೋದನ್ನು ಸಿಸಿ ಅನ್ನೋ ಬೇರೆ ವೈರ್ ತೀರ್ಮಾನಿಸುತ್ತದೆ. ಕೆಂಪನ್ನು ಕತ್ತರಿಸಿ ಸಿಸಿಯನ್ನು ಹಾಗೇ ಬಿಟ್ಟರೆ ಎರಡೂ ಕಡೆ ತಪ್ಪು ಲೆಕ್ಕ ಹಾಕುತ್ತವೆ. ಆ ವೈರುಗಳು ಕೂದಲಿನಷ್ಟು ತೆಳ್ಳಗೆ, ಕೇಬಲ್ ಗೇಣುದ್ದವೂ ಇಲ್ಲ. ಗಿರಾಕಿ ಎಷ್ಟು ಕೇಳಿಕೊಂಡರೂ ನಾನು ಮಾಡಿಕೊಡುವುದಿಲ್ಲ.

ಕುವೆಂಪುನಗರ_ಕ್ಯಾಮೆರಾ

ಕೇಬಲ್ ಕತ್ತರಿಸೋ ಮಾತು ಯಾಕೆ? ಫೋನನ್ನು ಮನೆಯಲ್ಲೇ 100 ಪರ್ಸೆಂಟ್ ಮಾಡಿಕೊಂಡು ಹೋದರೆ ಆಯಿತಲ್ವಾ. ತುಂಬಿದ ಫೋನ್ ಇನ್ನೇನು ತಗೊಳ್ಳುತ್ತದೆ? ಇಲ್ಲವೇ ಸ್ಯಾಮ್‌ಸಂಗ್‌ನಲ್ಲಿ ಬ್ಯಾಟರಿ ಪ್ರೊಟೆಕ್ಷನ್ ಇದೆ, ಐಫೋನ್ 15ರಿಂದ ಈಚೆಗೆ 80 ಪರ್ಸೆಂಟ್‌ಗೆ ನಿಲ್ಲಿಸುವ ಆಯ್ಕೆ ಇದೆ. ಅದನ್ನು ಆನ್ ಮಾಡಿಟ್ಟರೆ ಅಲ್ಲಿಗೆ ಚಾರ್ಜ್ ನಿಲ್ಲುತ್ತದೆ.

ಸರ್ಕ್ಯೂಟ್_ಶಿವರಾಂಪೇಟೆ

ಮೇಡಂ, ಅರ್ಧ ಒಪ್ಪುತ್ತೇನೆ. ಉಳಿದ ಅರ್ಧ ಇಲ್ಲಿದೆ.

ಚಾರ್ಜ್ ನಿಂತರೆ ಫೋನ್ ಕರೆಂಟ್ ಎಳೆಯುವುದೂ ನಿಲ್ಲುತ್ತದೆ ಅಂತಲ್ಲ. ಕೇಬಲ್ ಸಿಕ್ಕಿರುವಾಗ ಫೋನ್ ತನ್ನ ಬ್ಯಾಟರಿ ಮುಟ್ಟದೆ ಹೊರಗಿನಿಂದ ಬಂದ ಕರೆಂಟಿನಲ್ಲೇ ಓಡೋಕೆ ನೋಡುತ್ತದೆ. ಹಾರಿಸುವಾಗ ಸ್ಕ್ರೀನ್ ಬೆಳಕು ಪೂರ್ತಿ ಏರಿಸಿರುತ್ತೀರಿ, ವಿಡಿಯೋ ಬರುತ್ತಿರುತ್ತದೆ, ಮ್ಯಾಪ್, ಜಿಪಿಎಸ್ ಎಲ್ಲ ಓಡುತ್ತಿರುತ್ತವೆ. 500 ಮಿಲಿ ಆಂಪಿಯರ್ ಅಂದರೆ 2.5 ವ್ಯಾಟ್. ಬಿಸಿಲಿನಲ್ಲಿ ಅಷ್ಟನ್ನೂ ಫೋನ್ ಅಲ್ಲಿಂದಲ್ಲಿಗೇ ತಿಂದುಬಿಡಬಹುದು. ಆಗ ಫೋನ್ 100 ಇದ್ದರೂ ಒಂದೇ, 50 ಇದ್ದರೂ ಒಂದೇ. ರಿಮೋಟಿಗೆ ಬೀಳುವ ಹೊರೆ ಬದಲಾಗುವುದಿಲ್ಲ.

ಬೈಪಾಸ್ ಚಾರ್ಜಿಂಗ್ ಬಗ್ಗೆ ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ. ಆಟ ಆಡುವವರಿಗಾಗಿ ಕೆಲವು ಫೋನುಗಳಲ್ಲಿ ಕೊಟ್ಟಿರುವ ಆ ಸೌಲಭ್ಯ ಬ್ಯಾಟರಿಯನ್ನು ಬಿಟ್ಟು ಕರೆಂಟನ್ನು ನೇರ ಫೋನಿಗೆ ಕಳಿಸುತ್ತದೆ. ಅದೂ ಹೊರಗಿನ ಕರೆಂಟೇ. ರಿಮೋಟಿಗೆ ಅದರಿಂದ ಉಪಯೋಗವಿಲ್ಲ.

ಕಬ್ಬಿನಗದ್ದೆ

ಮಂಡ್ಯದ ಕಡೆಯವನು, ಕಬ್ಬಿಗೆ ಔಷಧಿ ಹೊಡೆಯುವ ಡ್ರೋನ್ ಓಡಿಸುತ್ತೇನೆ. ಸರ್ಕ್ಯೂಟ್ ಅಣ್ಣ ಹೇಳಿದ್ದು ಹೀಗೆ ಅಲ್ವಾ: ವಿ.ಸಿ. ನಾಲೆಯ ತೂಬು ಇಷ್ಟೇ ಅಂತ ತೆಗೆದಿದ್ದರೆ ಗದ್ದೆ ಎಷ್ಟೇ ಒಣಗಿದ್ದರೂ ಅದಕ್ಕಿಂತ ಜಾಸ್ತಿ ನೀರು ಬರುವುದಿಲ್ಲ, ಗದ್ದೆ ಒಣಗಿರುವಷ್ಟು ಹೊತ್ತೂ ತೂಬು ಪೂರ್ತಿ ಹರಿಯುತ್ತಲೇ ಇರುತ್ತದೆ.

ಸರ್ಕ್ಯೂಟ್_ಶಿವರಾಂಪೇಟೆ

ಹೌದು, ಅದೇ.

ಅದನ್ನೇ ಹಿಡಿದುಕೊಂಡು ಪಟ್ಟಣದವರ ಲೆಕ್ಕ ನೋಡೋಣ. ಮೊದಲನೇ ಪೋಸ್ಟ್‌ನಲ್ಲೇ ಉತ್ತರ ಇದೆ ಅನ್ನಿಸುತ್ತಿದೆ ನನಗೆ. ಫೋನ್ 40ರಿಂದ 80ಕ್ಕೆ ಏರಿತು ಅಂದಿರಿ. 5000 ಎಂಎಎಚ್ ಫೋನ್ ಬ್ಯಾಟರಿಯಲ್ಲಿ ಸುಮಾರು 19 ವ್ಯಾಟ್-ಅವರ್ ಇರುತ್ತದೆ. ಅದರ 40 ಪರ್ಸೆಂಟ್ ಅಂದರೆ ಸುಮಾರು ಏಳೂವರೆ. ರಿಮೋಟ್ ತನ್ನ 3.6 ವೋಲ್ಟನ್ನು 5ಕ್ಕೆ ಏರಿಸಬೇಕು, ಫೋನ್ ಅದನ್ನು ಮತ್ತೆ ಇಳಿಸಿಕೊಳ್ಳಬೇಕು, ಎರಡೂ ಕಡೆ ಸ್ವಲ್ಪ ಬಿಸಿಯಾಗಿ ಹೋಗುತ್ತದೆ. ಹಾಗಾಗಿ ರಿಮೋಟಿನಿಂದ 9ರ ಹತ್ತಿರ ಖಾಲಿಯಾಗಿರಬೇಕು. ರಿಮೋಟಿನಲ್ಲಿ ಇರುವುದೇ 18.7. ಅರ್ಧ ರಿಮೋಟ್ ನಿಮ್ಮ ಫೋನಿಗೆ ಇಳಿದಿದೆ.

ಆದರೆ ಗಮನಿಸಿ. ಸ್ಕ್ರೀನ್ ಪೂರ್ತಿ ಬೆಳಕಿನಲ್ಲಿ ಓಡುತ್ತಿದ್ದರೆ ಫೋನ್ ಅಷ್ಟು ಏರೋಕೆ ಸಾಧ್ಯವೇ ಇಲ್ಲ. ಬಂದದ್ದು ಬಂದಂತೆ ಖರ್ಚಾಗಿರುತ್ತಿತ್ತು. 2.5 ವ್ಯಾಟಿನಲ್ಲಿ 40 ಪರ್ಸೆಂಟ್ ಏರಬೇಕಾದರೆ ಮೂರು ಗಂಟೆಗೂ ಜಾಸ್ತಿ ಬೇಕು, ಅದೂ ಸ್ಕ್ರೀನ್ ಹೆಚ್ಚುಕಡಿಮೆ ಆರಿರಬೇಕು. ಮಿನಿ 2ರ ಒಂದು ಬ್ಯಾಟರಿಗೆ ಹೆಚ್ಚೆಂದರೆ 31 ನಿಮಿಷ ಅಂತ ಕಂಪನಿ ಲೆಕ್ಕ. ಮೂರು ಬ್ಯಾಟರಿ ಇದ್ದರೂ ಗಾಳಿಯಲ್ಲಿ ಇರುವುದು ಒಂದೂವರೆ ಗಂಟೆಯೊಳಗೆ. ಉಳಿದ ಹೊತ್ತೆಲ್ಲ ಎಲ್ಲಿ ಹೋಯಿತು? ಇಳಿಸಿದ ಮೇಲೂ ರಿಮೋಟ್ ಆನ್ ಇತ್ತಾ, ಫೋನ್ ಸಿಕ್ಕಿಸಿಯೇ ಇತ್ತಾ?

ಪಟ್ಟಣದ_ಫೋಟೋ

ಸಾರ್, ಹಾಗೇ ಇರುತ್ತದೆ! ಛತ್ರದಲ್ಲಿ ಒಂದು ಶಾಟ್ ತೆಗೆದು ಇಳಿಸಿ, ಧಾರೆ ಶೂಟ್ ಮಾಡೋಕೆ ದೊಡ್ಡ ಕ್ಯಾಮೆರಾ ಹಿಡಿಯುತ್ತೇನೆ. ರಿಮೋಟನ್ನು ಫೋನ್ ಸಮೇತ ಬ್ಯಾಗಿನ ಮೇಲೆ ಇಟ್ಟಿರುತ್ತೇನೆ. ಹೆಣ್ಣು ಸೀರೆ ಬದಲಿಸಿ ಬಂದಾಗ ತಕ್ಷಣ ಹಾರಿಸಬೇಕು, ಮತ್ತೆ ಜೋಡಿಸೋಕೆ ಸಮಯ ಇರುವುದಿಲ್ಲ. ಬಳಸದಿದ್ದರೆ ರಿಮೋಟ್ ತಾನಾಗಿಯೇ ಆಫ್ ಆಗುತ್ತದೆ ಅಂತ ಕೇಳಿದ್ದೆ.

ಸರ್ಕ್ಯೂಟ್_ಶಿವರಾಂಪೇಟೆ

ಡ್ರೋನಿಗಾಗಲಿ ಫೋನಿನ ಆ್ಯಪಿಗಾಗಲಿ ಸಂಪರ್ಕ ಇಲ್ಲದೆ ಸುಮ್ನೆ ಬಿದ್ದಿದ್ದರೆ ಮಾತ್ರ ಅದು ಕೂಗಿ ಆಫ್ ಆಗುತ್ತದೆ. ಆ್ಯಪ್ ತೆರೆದು ಕೇಬಲ್ ಸಿಕ್ಕಿಸಿಟ್ಟಿದ್ದರೆ ಅದನ್ನು ನಂಬಬೇಡಿ.

ನಿಮ್ಮ ಚಾರ್ಜ್ ಹೋಗುತ್ತಿರುವುದು ಗಾಳಿಯಲ್ಲಿ ಅಲ್ಲ, ಬ್ಯಾಗಿನ ಮೇಲೆ. ಇಳಿಸಿದ ಕೂಡಲೇ ಫೋನ್ ಕಡೆಯ ಪಿನ್ ಎಳೆಯಿರಿ, ಫೋನ್ ಹೋಲ್ಡರಿನಲ್ಲೇ ಇರಲಿ. ಮತ್ತೆ ಚುಚ್ಚೋಕೆ ಎರಡು ಸೆಕೆಂಡ್ ಸಾಕು. ಜಾಸ್ತಿ ಹೊತ್ತು ಬಿಡುವು ಅಂತ ಗೊತ್ತಿದ್ದರೆ ರಿಮೋಟೂ ಆಫ್ ಮಾಡಿ. ಕುವೆಂಪುನಗರದ ಮೇಡಂ ಹೇಳಿದ್ದು ಕೆಲಸಕ್ಕೆ ಬರುವುದೂ ಇಲ್ಲೇ. ಮರೆತು ಚುಚ್ಚಿಯೇ ಇಟ್ಟರೂ, ತುಂಬಿದ ಫೋನ್ ಸ್ಕ್ರೀನ್ ಆರಿದ ಮೇಲೆ ಹೆಚ್ಚು ಎಳೆಯುವುದಿಲ್ಲ. 40ರಲ್ಲಿರುವ ಫೋನ್ ಬಿಡದೆ ಎಳೆಯುತ್ತದೆ.

ಕುವೆಂಪುನಗರ_ಕ್ಯಾಮೆರಾ

ಈ ಲೆಕ್ಕ ನನಗೆ ಹಿಡಿಸಿತು. ನಾನು ಹೇಳಿದ್ದನ್ನು ಹೀಗೆ ಸರಿ ಮಾಡಿಕೊಳ್ಳುತ್ತೇನೆ: ಫೋನ್ ತುಂಬಿಸಿ ಹೋಗಿ, ಜೊತೆಗೆ ಹಾರಿಸುವಾಗ ಫೋನಿನ ಖರ್ಚೂ ಇಳಿಸಿ.

ಖರ್ಚು ಇಳಿಸೋದು ಹೇಗೆ ಅಂದರೆ, ಸ್ಕ್ರೀನಿಗೆ ಸನ್ ಹುಡ್ ಹಾಕಿದರೆ ಬೆಳಕನ್ನು ಕೊನೆವರೆಗೆ ಏರಿಸಬೇಕಾಗಿಲ್ಲ. ನನ್ನದು ಕಪ್ಪು ಫೋಮ್ ಶೀಟಿನಲ್ಲಿ ನಾನೇ ಕತ್ತರಿಸಿ ಮಾಡಿಕೊಂಡದ್ದು. ಆ್ಯಪ್‌ನಲ್ಲಿ ರೆಕಾರ್ಡ್ ಮಾಡುವಾಗ ಫೋನಿನಲ್ಲೂ ವಿಡಿಯೋ ಉಳಿಸಿಕೊಳ್ಳುವ ಕ್ಯಾಶ್ ಆಯ್ಕೆ ಇದೆ, ಅದನ್ನು ಆಫ್ ಮಾಡಿ. ಮೂಲ ವಿಡಿಯೋ ಹೇಗಿದ್ದರೂ ಡ್ರೋನಿನ ಕಾರ್ಡಿನಲ್ಲಿ ಇರುತ್ತದೆ. ಹೋಗುವ ಜಾಗದ ಮ್ಯಾಪನ್ನು ಮನೆಯ ವೈಫೈನಲ್ಲೇ ತೆರೆದು ನೋಡಿಕೊಂಡರೆ ಅಲ್ಲಿ ಹೋಗಿ ಮೊಬೈಲ್ ಡೇಟಾ ಆಫ್ ಮಾಡಬಹುದು. ಕರಿಘಟ್ಟದ ಹಿಂಭಾಗದಂಥ ಕಡೆ ಸಿಗ್ನಲ್ ಕಡಿಮೆ ಇದ್ದರೆ ಫೋನ್ ಟವರ್ ಹುಡುಕುತ್ತಲೇ ಬ್ಯಾಟರಿ ಕಳೆಯುತ್ತದೆ.

ಇನ್ನೊಂದು ಕಾರಣವೂ ಇದೆ, ನನಗೆ ಅದೇ ಮುಖ್ಯ. ಮಾರ್ಚ್, ಏಪ್ರಿಲ್‌ನಲ್ಲಿ ಮೈಸೂರಿನ ಮಧ್ಯಾಹ್ನದ ಬಿಸಿಲು ಗೊತ್ತಲ್ಲ. ಐಫೋನನ್ನು 35 ಡಿಗ್ರಿವರೆಗಿನ ಹವೆಯಲ್ಲಿ ಬಳಸಿ ಅಂತ ಆ್ಯಪಲ್ ಹೇಳುತ್ತದೆ. ಬಿಸಿಲಿನಲ್ಲಿ ಸ್ಕ್ರೀನ್ ಪೂರ್ತಿ ಬೆಳಕು, ಮೇಲೆ ಚಾರ್ಜಿಂಗ್ ಬಿಸಿ ಬೇರೆ. ಫೋನ್ ತಾನಾಗಿ ಸ್ಕ್ರೀನ್ ಮಂಕು ಮಾಡುತ್ತದೆ, ವಿಡಿಯೋ ತಡೆತಡೆದು ಬರುತ್ತದೆ. ಡ್ರೋನ್ ಎಲ್ಲಿದೆ ಅಂತ ನೋಡಬೇಕಾದ ಹೊತ್ತಿಗೆ ಸ್ಕ್ರೀನ್ ಕಪ್ಪಾದರೆ ಎಷ್ಟು ಕಷ್ಟ ಅಂತ ಹಾರಿಸಿದವರಿಗೆ ಗೊತ್ತು.

ಹೂಟಗಳ್ಳಿ_ಹೊಸಬ

ಎಲ್ಲರೂ ರಿಮೋಟ್ ಬ್ಯಾಟರಿ ಉಳಿಸೋ ಮಾತಾಡುತ್ತಿದ್ದೀರಿ. ಫೋನ್ ಆಫ್ ಆದರೆ ಡ್ರೋನ್ ಬಿದ್ದುಹೋಗುವುದಿಲ್ವಾ? ಹಾಗಿದ್ದರೆ ಫೋನಿಗೆ ಚಾರ್ಜ್ ಹೋಗೋದು ಒಳ್ಳೆಯದೇ ಅಲ್ವಾ?

ಕಬ್ಬಿನಗದ್ದೆ

ಬೀಳಲ್ಲ ತಮ್ಮ. ಡ್ರೋನ್ ಜೊತೆ ಮಾತಾಡುವುದು ರಿಮೋಟಿನ ಆಂಟೆನಾ. ಫೋನ್ ಬರೀ ಕಿಟಕಿ. ಫೋನ್ ಸತ್ತರೆ ಚಿತ್ರ ಹೋಗುತ್ತದೆ, ಮ್ಯಾಪ್ ಹೋಗುತ್ತದೆ, ಆದರೆ ಸ್ಟಿಕ್ಕು ಕೆಲಸ ಮಾಡುತ್ತದೆ, ಹಾರಿದ ಜಾಗಕ್ಕೇ ವಾಪಸ್ ಕರೆಸುವ ರಿಟರ್ನ್ ಟು ಹೋಮ್ ಬಟನ್ ಕೆಲಸ ಮಾಡುತ್ತದೆ. ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಹಾರಿಸುತ್ತಿದ್ದರೆ ನೋಡಿಕೊಂಡೇ ಇಳಿಸಬಹುದು. ಹಾರಿಸಬೇಕಾಗಿರುವುದೂ ಅಷ್ಟೇ ದೂರದಲ್ಲಿ.

ರಿಮೋಟ್ ಸತ್ತರೆ ಕಥೆ ಬೇರೆ. ಆಗ ನಿಮ್ಮ ಕೈಯಲ್ಲಿ ಏನೂ ಇಲ್ಲ. ಸಿಗ್ನಲ್ ಕೆಲವು ಸೆಕೆಂಡ್ ಸಿಗದಿದ್ದರೆ ಡ್ರೋನ್ ಮೊದಲೇ ಹೇಳಿಟ್ಟಂತೆ ನಡೆದುಕೊಳ್ಳುತ್ತದೆ. ಮನೆಗೆ ವಾಪಸ್ ಬಾ, ಇಲ್ಲವೇ ನಿಂತಲ್ಲೇ ನಿಲ್ಲು, ಇಲ್ಲವೇ ಇದ್ದಲ್ಲೇ ಇಳಿ, ಈ ಮೂರರಲ್ಲಿ ಯಾವುದು ಇಟ್ಟಿದ್ದೀರೋ ಅದು. ವಾಪಸ್ ಬಾ ಅಂತ ಇಟ್ಟಿದ್ದರೂ ಎಷ್ಟು ಎತ್ತರದಲ್ಲಿ ಬರಬೇಕು ಅನ್ನೋದನ್ನು ನೋಡಿಕೊಂಡಿರಬೇಕು. ನಮ್ಮ ಕಡೆ ಬದುವಿನ ಮೇಲೆ ತೆಂಗಿನಮರ, ಹಳೇ ಮರವಾದರೆ 20, 25 ಮೀಟರ್ ಇರುತ್ತದೆ. ಮಿನಿ 2ಕ್ಕೆ ಎದುರಿಗಿರುವ ಮರ ಕಾಣುವ ಸೆನ್ಸರ್ ಇಲ್ಲ. ತೆಂಗಿನಮರ, ಮೊಬೈಲ್ ಟವರ್, ಹೈಟೆನ್ಷನ್ ಲೈನ್ ಎಲ್ಲ ಲೆಕ್ಕ ಹಾಕಿ ಅದಕ್ಕಿಂತ ಮೇಲೆ ಇಡಿ. ಅದಕ್ಕೇ ನಾನು ಹೇಳುವುದು, ಎರಡರಲ್ಲಿ ಒಂದು ಸಾಯಲೇಬೇಕು ಅಂದರೆ ಫೋನ್ ಸಾಯಲಿ.

ಹೂಟಗಳ್ಳಿ_ಹೊಸಬ

ಅರ್ಥವಾಯಿತು ಅಣ್ಣ. ನಿಮ್ಮ ಔಷಧಿ ಹೊಡೆಯುವ ಡ್ರೋನಿನಲ್ಲೂ ಇದೇ ತೊಂದರೆಯಾ?

ಕಬ್ಬಿನಗದ್ದೆ

ನಾನು ಈಗ ಓಡಿಸುವುದರಲ್ಲಿ ರಿಮೋಟಿಗೇ ಸ್ಕ್ರೀನ್ ಇದೆ, ಫೋನ್ ಬೇಕಾಗಿಲ್ಲ. ಮೊದಲು ಕಲಿತದ್ದರಲ್ಲಿ ಉಲ್ಟಾ ಇತ್ತು. ಡ್ರೋನಿನ ಮಾಹಿತಿಯನ್ನು ಫೋನಿಗೆ ತರುವ ಟೆಲಿಮೆಟ್ರಿ ರೇಡಿಯೋ ಅಂತ ಬೆಂಕಿಪೊಟ್ಟಣದಷ್ಟು ದೊಡ್ಡದು, ಅದನ್ನು ಒಟಿಜಿ (ಫೋನನ್ನೇ ಯಜಮಾನ ಮಾಡುವ) ಕೇಬಲ್‌ನಲ್ಲಿ ಫೋನಿಗೆ ಚುಚ್ಚಬೇಕು. ಅಲ್ಲಿ ಫೋನೇ ಯಜಮಾನ, ರೇಡಿಯೋಗೆ ಕರೆಂಟ್ ಕೊಡಬೇಕಾದದ್ದು ಫೋನು. ಹಾಗಾಗಿ ಫೋನ್ ಇಳಿಯುತ್ತಿತ್ತು, ರಿಮೋಟ್ ಹಾಗೇ ಇರುತ್ತಿತ್ತು. ಕೇಬಲ್ ಒಂದೇ ಥರ ಕಂಡರೂ ಕರೆಂಟ್ ಯಾವ ಕಡೆ ಹರಿಯುತ್ತಿದೆ ಅಂತ ಮೊದಲು ತಿಳಿದುಕೊಳ್ಳಬೇಕು.

ಮೇಲುಕೋಟೆ_ಮೋಡ

ಸ್ಕ್ರೀನ್ ಇರುವ ರಿಮೋಟ್ ತಗೊಂಡರೆ ಈ ಜಂಜಾಟವೇ ಇಲ್ಲ, ನಿಜ. ಆದರೆ 2022ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹೊರದೇಶದ ಡ್ರೋನ್ ಆಮದು ನಿಲ್ಲಿಸಿತಲ್ಲ. ಬಿಡಿಭಾಗಗಳಿಗೆ ತಡೆ ಇಲ್ಲ, ಪೂರ್ತಿ ಡ್ರೋನಿಗೆ ಇದೆ. ಹಾಗಾಗಿ ಅದಕ್ಕೂ ಮೊದಲು ತಗೊಂಡ ಮಿನಿ 2 ಥರದವನ್ನು ನಾವು ಜೋಪಾನ ಮಾಡಿಕೊಂಡು ಓಡಿಸಬೇಕು. ರಿಮೋಟ್ ಬ್ಯಾಟರಿಗೂ ವಯಸ್ಸಾಗುತ್ತದೆ ಅಲ್ವಾ ಸರ್ಕ್ಯೂಟ್?

ಸರ್ಕ್ಯೂಟ್_ಶಿವರಾಂಪೇಟೆ

ಆಗುತ್ತದೆ, ಈ ಥ್ರೆಡ್‌ನಲ್ಲಿ ಅದು ಬರಲೇಬೇಕಿತ್ತು.

ಲಿಥಿಯಂ ಸೆಲ್ ಹಳೆಯದಾದಂತೆ ಎರಡು ಆಗುತ್ತವೆ. ಹಿಡಿಯುವ ಚಾರ್ಜ್ ಕಡಿಮೆಯಾಗುತ್ತದೆ, ಒಳಗಿನ ರೆಸಿಸ್ಟೆನ್ಸ್ ಜಾಸ್ತಿಯಾಗುತ್ತದೆ. ಎರಡನೆಯದೇ ಹೆಚ್ಚು ಕಾಡುವುದು. ಹೊರೆ ಜಾಸ್ತಿ ಇದ್ದಾಗ ಅಂಥ ಸೆಲ್ಲಿನ ವೋಲ್ಟೇಜ್ ದಡಕ್ಕನೆ ಬೀಳುತ್ತದೆ, ಒಳಗೆ ಇನ್ನೂ ಚಾರ್ಜ್ ಇದ್ದರೂ ರಿಮೋಟ್ ಖಾಲಿ ಅಂದುಕೊಳ್ಳುತ್ತದೆ. ಫೋನಿನ ಹೊರೆ ತೆಗೆದರೆ ಹಳೇ ರಿಮೋಟಿಗೆ ಹೊಸದಕ್ಕಿಂತ ಜಾಸ್ತಿ ಲಾಭ ಆಗುವುದು ಇದಕ್ಕೇ.

ಹಿಂದಿನ ಮಾಡೆಲ್‌ಗಳಿಗೆ ಇನ್ನೂ ಕಷ್ಟ. 2016ರ ಮ್ಯಾವಿಕ್ ಪ್ರೊ ರಿಮೋಟಿನಲ್ಲಿ ಇರುವುದು 2970 ಎಂಎಎಚ್. 2019ರ ಮ್ಯಾವಿಕ್ ಮಿನಿಯದು 2600. ಈಗಿನ ಫೋನ್ 5000. ರಿಮೋಟನ್ನು ಪೂರ್ತಿ ಹಿಂಡಿದರೂ ಆ ಫೋನ್ ಅರ್ಧ ತುಂಬುವುದಿಲ್ಲ. ಅಂಥ ರಿಮೋಟ್ ಇರುವವರು ಖಾಲಿ ಫೋನ್ ಸಿಕ್ಕಿಸಲೇಬಾರದು.

ನಿಮ್ಮ ರಿಮೋಟಿನ ಸೆಲ್ ಹೇಗಿದೆ ಅಂತ ತಿಳಿಯಬೇಕಾ? ಪೂರ್ತಿ ಚಾರ್ಜ್ ಮಾಡಿ, ಮನೆಯಲ್ಲೇ ಕೂತು, ಫೋನ್ ಇಲ್ಲದೆ ರಿಮೋಟ್ ಮತ್ತು ಡ್ರೋನ್ ಆನ್ ಮಾಡಿ ಸ್ವಲ್ಪ ಹೊತ್ತು ಬಿಡಿ. ಪ್ರೊಪೆಲ್ಲರ್ ಬಿಚ್ಚಿಟ್ಟಿರಿ. ಡ್ರೋನಿಗೆ ಫ್ಯಾನ್ ಗಾಳಿ ಇರಲಿ, ಹಾರದೆ ನಿಂತರೆ ಬಿಸಿಯಾಗುತ್ತದೆ. ಆಮೇಲೆ ಫೋನ್ ಚುಚ್ಚಿ ಆ್ಯಪ್‌ನಲ್ಲಿ ರಿಮೋಟ್ ಎಷ್ಟು ಪರ್ಸೆಂಟ್ ಅಂತ ನೋಡಿ. ಫೋನ್ ಇಲ್ಲದೆಯೂ ಬೇಗ ಇಳಿದಿದ್ದರೆ ದೋಷ ಫೋನಿನದಲ್ಲ, ಸೆಲ್ಲಿನದು.

ಪಟ್ಟಣದ_ಫೋಟೋ

ನಿನ್ನೆ ಮದುವೆ ಇತ್ತು, ಹೇಳಿದಂತೆ ಮಾಡಿದೆ. ಫೋನ್ ರಾತ್ರಿಯೇ ತುಂಬಿಸಿದ್ದೆ. ಪ್ರತಿ ಸಲ ಇಳಿಸಿದ ಮೇಲೆ ಪಿನ್ ಎಳೆದೆ. ಧಾರೆ ಹೊತ್ತಿಗೆ ರಿಮೋಟನ್ನೂ ಆಫ್ ಮಾಡಿದೆ. ಊಟಕ್ಕೆ ಕೂತಾಗ ರಿಮೋಟಿನಲ್ಲಿ ಮೂರು ದೀಪ ಇತ್ತು! ಫೋನ್ 70ರ ಹತ್ತಿರ ಇಳಿದಿತ್ತು, ಅದು ಇಳಿಯಲಿ. ಸೀರೆ ಬದಲಿಸಿ ಬಂದಾಗ ಜೋಡಿಸೋಕೆ ತಡವೂ ಆಗಲಿಲ್ಲ.

ಒಂದು ಪ್ರಶ್ನೆ ಉಳಿದಿದೆ. ಬೆಳಿಗ್ಗೆ ಮುಹೂರ್ತ, ಸಂಜೆ ರಿಸೆಪ್ಷನ್ ಎರಡೂ ಇರುವ ದಿನ ಪವರ್ ಬ್ಯಾಂಕ್ ಹಿಡಿದುಕೊಂಡು ಹೋದರೆ ಅದನ್ನು ರಿಮೋಟಿಗೆ ಹಾಕಬೇಕಾ, ಫೋನಿಗಾ?

ಸರ್ಕ್ಯೂಟ್_ಶಿವರಾಂಪೇಟೆ

ಮಧ್ಯಾಹ್ನ ಬಿಡುವಿನಲ್ಲಿ ಮೊದಲು ರಿಮೋಟಿಗೆ, ಆಮೇಲೆ ಫೋನಿಗೆ. 10000 ಎಂಎಎಚ್ ಪವರ್ ಬ್ಯಾಂಕಿನಲ್ಲಿ 37 ವ್ಯಾಟ್-ಅವರ್ ಇರುತ್ತದೆ, ನಷ್ಟ ಕಳೆದು ಮೂವತ್ತರ ಆಸುಪಾಸು ಸಿಗುತ್ತದೆ. ರಿಮೋಟ್ ತುಂಬಿ, ಫೋನಿಗೂ ಸ್ವಲ್ಪ ಉಳಿಯುತ್ತದೆ. ರಿಮೋಟಿನ ಕೆಳಗಿರುವ ಟೈಪ್-ಸಿ ಕಿಂಡಿಗೆ ಚುಚ್ಚಿ, ಚಾರ್ಜ್ ಆಗುವಾಗ ರಿಮೋಟ್ ಆಫ್ ಇರಲಿ, ಫೋನ್ ಕೇಬಲ್ ಬಿಚ್ಚಿರಲಿ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿನಲ್ಲಿ ಇಟ್ಟು ಮಾತ್ರ ಚಾರ್ಜ್ ಮಾಡಬೇಡಿ, ಆ ರಿಮೋಟ್ ಕೆಲಸ ಮಾಡುವ ಮಿತಿಯೇ 40 ಡಿಗ್ರಿ.

ಹೂಟಗಳ್ಳಿ_ಹೊಸಬ

ಸರ್ಕ್ಯೂಟ್ ಸಾರ್, ನಾನು ಸೆಕೆಂಡ್ ಹ್ಯಾಂಡ್ ಫ್ಯಾಂಟಮ್ 4 ನೋಡುತ್ತಿದ್ದೇನೆ. ಅದಕ್ಕೆ ವೈ ಕೇಬಲ್ ಮಾಡಿಸಿದರೆ ಫೋನ್ ಕಡೆ ಟೈಪ್-ಸಿ ಆದರೂ ಪರವಾಗಿಲ್ವಾ?

ಸರ್ಕ್ಯೂಟ್_ಶಿವರಾಂಪೇಟೆ

ಪರವಾಗಿಲ್ಲ. ಒಳ್ಳೆ ಎ-ಟು-ಸಿ ಕೇಬಲ್ ತಗೊಂಡು ಅದರ ಎ ಕಡೆಯನ್ನು ಕತ್ತರಿಸಿ ಜೋಡಿಸಬೇಕು, ಸಿ ಕಡೆಯ ಪ್ಲಗ್ಗನ್ನು ಮುಟ್ಟಬಾರದು. ಆ ಪ್ಲಗ್ ಒಳಗೆ 56 ಕಿಲೋ ಓಮ್ ರೆಸಿಸ್ಟರ್ ಇರುತ್ತದೆ, ಫೋನಿಗೆ ಕರೆಂಟ್ ಯಾವ ಕಡೆಯಿಂದ ಬರುತ್ತಿದೆ ಅಂತ ಹೇಳುವುದು ಅದೇ. ತೀರಾ ಅಗ್ಗದ ಕೇಬಲ್ಲುಗಳಲ್ಲಿ ಡೇಟಾ ವೈರೇ ಇರುವುದಿಲ್ಲ, ಬರೀ ಕೆಂಪು ಕಪ್ಪು. ಹಾಗಾಗಿ ಕತ್ತರಿಸುವ ಮೊದಲು ಆ ಕೇಬಲ್‌ನಲ್ಲಿ ಫೋನಿನಿಂದ ಕಂಪ್ಯೂಟರಿಗೆ ಒಂದು ಫೋಟೋ ಕಳಿಸಿ ನೋಡಿ.

ಜೋಡಿಸಿದ ಮೇಲೆ ರಿಮೋಟಿಗೆ ಚುಚ್ಚುವ ಮುಂಚೆ ಮಲ್ಟಿಮೀಟರ್‌ನಲ್ಲಿ ಎರಡು ಕಡೆ ಕಂಟಿನ್ಯೂಟಿ (ವೈರ್ ಸೇರಿದೆಯಾ ಅಂತ) ನೋಡಿ. ರಿಮೋಟ್ ಪ್ಲಗ್ಗಿನ 5 ವೋಲ್ಟ್ ಪಿನ್ನಿಗೂ ಪವರ್ ಬ್ಯಾಂಕ್ ಪ್ಲಗ್ಗಿನ 5 ವೋಲ್ಟ್ ಪಿನ್ನಿಗೂ ಮೀಟರ್ ಬೀಪ್ ಅನ್ನಬಾರದು. ಮೂರೂ ಪ್ಲಗ್ಗಿನ ಗ್ರೌಂಡ್ ಬೀಪ್ ಅನ್ನಬೇಕು. ಹಾರಿಸುವಾಗ ಮೊದಲು ಪವರ್ ಬ್ಯಾಂಕ್ ಆನ್ ಮಾಡಿ, ಆಮೇಲೆ ರಿಮೋಟ್.

ಡ್ರೋನ್ ಕೊಳ್ಳುವ ಮುಂಚೆ ಮಾರುವವರ ಮುಂದೆಯೇ ರಿಮೋಟ್ ಆನ್ ಮಾಡಿಸಿ, ನಿಮ್ಮ ಫೋನ್ ಚುಚ್ಚಿ ಅರ್ಧ ಗಂಟೆ ಬಿಟ್ಟು ನೋಡಿ. ಅದರ ಬ್ಯಾಟರಿ 6000 ಎಂಎಎಚ್, ಎರಡು ಸೆಲ್ಲಿನದು. ಅರ್ಧ ಗಂಟೆಯಲ್ಲಿ ಎರಡು ದೀಪ ಆರಿದರೆ ಬೆಲೆಯಲ್ಲಿ ಹೊಸ ಬ್ಯಾಟರಿಯ ದುಡ್ಡು ಕಳೆದು ಮಾತಾಡಿ.